ಹೊತ್ತು ತಂದವರ ನಂಬಿಕೆ

ಅಪ್ಪನ ಟ್ರಂಕಿನ ತಳದಲ್ಲಿ ಸಿಕ್ಕ ಸತ್ಯವೇದವನ್ನು ಬಿಡಿಸಿದ ಕೂಡಲೇ ನನಗೆ ಸೀನು ಬಂತು. ಒಂದಲ್ಲ, ಸಾಲಾಗಿ ನಾಲ್ಕು. ಹಾಳೆಗಳ ಸಂದಿಯಲ್ಲಿ ತಂಬಾಕಿನ ಪುಡಿ ಕೂತಿತ್ತು. ಕೆಂಪಗೆ, ನವಿರಾಗಿ, ಅಷ್ಟು ವರ್ಷವಾದರೂ ಘಾಟು ಕಳೆದುಕೊಳ್ಳದೆ. ನಿಪ್ಪಾಣಿಯಲ್ಲಿ ಹುಟ್ಟಿದವರಿಗೆ ಈ ವಾಸನೆಯನ್ನು ವಿವರಿಸಬೇಕಾಗಿಲ್ಲ. ಬೇಸಿಗೆ ಬಂತೆಂದರೆ ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗುತ್ತಿತ್ತು. ಒಣಹಾಕಿದ ಬಟ್ಟೆ, ಕುಡಿಯುವ ನೀರು, ತಾಯಿಯ ಸೆರಗು ಎಲ್ಲಕ್ಕೂ ಅದೇ ಘಮ. ಆದರೆ ದೇವರ ಪುಸ್ತಕದೊಳಗೆ ತಂಬಾಕು ಹೇಗೆ ಬಂತೆಂದು ಕೇಳಿದರೆ ಮಾತ್ರ ನಮ್ಮ ಮನೆಯ ಪಡಸಾಲೆಯ ಕತೆ ಹೇಳಬೇಕಾಗುತ್ತದೆ. ಆ ಮನೆ ಈಗಿಲ್ಲ. ನಿಮ್ಮ ಮನೆಯೂ ಹಾಗೇ ಹೋಗಿರಬಹುದು. ಯಾವುದೋ ಒಂದು ವಾಸನೆಯಲ್ಲಿ ಮಾತ್ರ ಅದರ ಬಾಗಿಲು ಇನ್ನೂ ತೆರೆದಿರಬಹುದು.

ತಂಬಾಕು ತುಂಬಿಡುವ ವಖಾರಿಗಳ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮನೆ, ಮುಂದೆ ಪಡಸಾಲೆ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಆಗ ಏಳನೇ ಇಯತ್ತೆ. ಮಧ್ಯಾಹ್ನ ಊಟವಾದ ಮೇಲೆ ಮೂವರು ಹೆಂಗಸರು ಪಡಸಾಲೆಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದರು. ಒಬ್ಬಳು ನಮ್ಮವ್ವ. ಇನ್ನೊಬ್ಬಳು ಅಪ್ಪನ ತಾಯಿ ರುಕ್ಮವ್ವ. ನಾವು ಆಯಿ ಅನ್ನುತ್ತಿದ್ದೆವು. ಮೂರನೆಯವಳು ಗೋಡೆಯಾಚೆಯ ಹಲೀಮಾಬಿ. ಮೂವರಿಗೂ ಅಕ್ಷರ ಬರುತ್ತಿರಲಿಲ್ಲ. ಕೈಗೆ ಕೆಲಸವಿತ್ತು, ಕಿವಿ ಖಾಲಿ ಇತ್ತು. ಹಾಗಾಗಿ ಶನಿವಾರ, ರವಿವಾರ, ರಜೆಯ ದಿನಗಳಲ್ಲೆಲ್ಲ ಅವರಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಮನೆಯಲ್ಲಿದ್ದದ್ದು ಒಂದೇ ಪುಸ್ತಕ, ಅಪ್ಪನ ಕನ್ನಡ ಬೈಬಲ್ಲು, ಸತ್ಯವೇದ. ಪುಟ ಮರೆಯದಿರಲೆಂದು ಆಯಿ ತಂಬಾಕು ಮೆತ್ತಿದ ಬೆರಳನ್ನೇ ಹಾಳೆಯ ಮೇಲಿಟ್ಟು, "ಇಲ್ಲಿಗೆ ನಿಂತೀವಿ ನೋಡ" ಅನ್ನುತ್ತಿದ್ದಳು. ಈ ಪುಡಿ ಅದರದು.

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಷ್ಟು ಸುಲಭಕ್ಕೆ ಬಂದದ್ದಲ್ಲ ಅದು. ಆದರೆ ಪ್ರಶ್ನೆ ಕೇಳುವುದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಆ ಪಡಸಾಲೆಯಲ್ಲಿ ಕಲಿತೆ. ಅಣ್ಣನಾದ ಕಾಯಿನನು ಹೊಲದ ಬೆಳೆ ತಂದ, ತಮ್ಮ ಹೇಬೆಲ ಕುರಿ ತಂದ, ದೇವರು ಕುರಿಯನ್ನು ಮೆಚ್ಚಿ ಬೆಳೆಯನ್ನು ಮೆಚ್ಚಲಿಲ್ಲ ಎಂದು ಓದಿದ ದಿನ ಬೀಡಿ ಎಲೆ ಕತ್ತರಿಸುತ್ತಿದ್ದ ಆಯಿಯ ಕತ್ತರಿ ನಿಂತುಹೋಯಿತು. "ಯಾಕ? ಹೊಲದಾಗ ದುಡದವನ ಬೆಂವರು ಬೆಂವರಲ್ಲೇನ? ಕುರಿ ತಾನ ಮೇದು ಬೆಳೀತೇತಿ. ಬೆಳಿ ತಾನ ಬೆಳೀತೇತೇನ?" ಮುಂದೆ ಕಾರಣ ಬರೆದಿರಬೇಕೆಂದು ನಾನು ಹಾಳೆ ತಿರುವಿದೆ. ಬರೆದಿರಲಿಲ್ಲ. ಮಗನನ್ನು ಬಲಿಕೊಡಲು ಅಬ್ರಹಾಮ ಬೆಳಗಿನ ಜಾವ ಕತ್ತೆಗೆ ಜೀನು ಕಟ್ಟಿ ಹೊರಟದ್ದನ್ನು ಓದಿದಾಗ ಹಲೀಮಾಬಿ ತಲೆದೂಗಿದಳು. "ಇವ ನಮ್ಮ ಇಬ್ರಾಹಿಂ ಅಲ್ಲೇನ? ನಮ್ಮ ಕಡೆ ಹುಡುಗನ ಹೆಸರ ಬ್ಯಾರೆ ಹೇಳ್ತಾರ. ಇರ್ಲಿ ಬಿಡ, ಅಪ್ಪ ಅವನ." ಆಯಿಗೆ ಹೆಸರಿನ ಚಿಂತೆ ಇರಲಿಲ್ಲ. "ಹಡದಾಕಿಗೆ ಹೇಳಿ ಹೋದ್ನೇನ ಅವ?" ಎಂದಳು. "ಬರದಿಲ್ಲ ಆಯಿ." "ಹೇಳಿರಾಂಗಿಲ್ಲ. ಹೇಳಿದ್ರ ಕತ್ತಿನೂ ಹೊರಗ ಬರ್ತಿರಲಿಲ್ಲ, ಅವನೂ ಬರ್ತಿರಲಿಲ್ಲ." ಮೂವರೂ ಬಿದ್ದು ಬಿದ್ದು ನಕ್ಕರು, ಮೊರದೊಳಗಿನ ತಂಬಾಕು ಹಾರಿ ನಾನು ಸೀನಿದೆ. ಒಳಗಿನಿಂದ ಅಪ್ಪ ಗದರಿದ: "ದೇವರ ವಾಕ್ಯ ಓದಾಕತ್ತೀರೋ, ಕಟ್ಟಿ ಮ್ಯಾಲ ಹರಟಿ ಹೊಡ್ಯಾಕತ್ತೀರೋ?"

ಅಪ್ಪನ ನಂಬಿಕೆ ಗಟ್ಟಿ, ಅಂಚು ಚೂಪು. ಅದಕ್ಕೆ ಕಾರಣವಿತ್ತು. ಹದಿನೇಳು ವರ್ಷದವನಿದ್ದಾಗ ಅವನಿಗೆ ಜ್ವರ ಬಂದು, ಇಳಿಯದೆ, ಮಾತೇ ನಿಂತುಹೋಗಿತ್ತಂತೆ. ಅವನ ಅಪ್ಪ, ಅಂದರೆ ನಮ್ಮ ಅಜ್ಜ, ವಖಾರಿಯಲ್ಲಿ ಹಮಾಲ. ಕೊರಳಲ್ಲಿ ತುಳಸಿಮಾಲೆ, ವರ್ಷಕ್ಕೊಮ್ಮೆ ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವ. ತಂಬಾಕಿನ ಬೋದು ಹೊರುವ ಬೆನ್ನಿನ ಮೇಲೆ ಮಗನನ್ನು ಹೊತ್ತು ಹೆದ್ದಾರಿಗೆ ತಂದ. ಕೊಗನೊಳ್ಳಿ ದಾಟಿ ಹೋಗುವ ಲಾರಿಯೊಂದನ್ನು ಕೈಮುಗಿದು ನಿಲ್ಲಿಸಿದ. ಗಡಿಯಾಚೆಯ ಮಿಷನ್ ದವಾಖಾನೆಯ ಬಾಗಿಲಲ್ಲಿ ಇಳಿಸಿ, ಅಲ್ಲಿಯ ಹುಣಸೆಮರದ ಕೆಳಗೆ ಮಗ ಎದ್ದು ಕೂರುವ ತನಕ ಕಾದ. ಅಲ್ಲಿ ಜೀವ ಉಳಿದ ಅಪ್ಪ ಕ್ರೈಸ್ತನಾಗುತ್ತೇನೆಂದಾಗ ಓಣಿಯೆಲ್ಲ ಸಿಟ್ಟಿಗೆದ್ದರೂ ಅಜ್ಜ ಅಂದದ್ದು ಇಷ್ಟೇ: "ನಿನ್ನ ಜೀವಾ ಉಳಿಸಿದವನ್ನ ನೀ ಬಿಡಬ್ಯಾಡ. ನನ್ನವನ್ನ ನಾ ಬಿಡೂದಿಲ್ಲ." ನಾನು ಹುಟ್ಟುವ ಮೊದಲೇ, ಒಂದು ಆಷಾಢದಲ್ಲಿ ಪಂಢರಪುರದಿಂದ ಬಂದವನು ಮಲಗಿದ, ಮತ್ತೆ ಏಳಲಿಲ್ಲ. ಅವನು ಹೋದ ಮೇಲೆ ಆಯಿ ಮಗನ ಜೊತೆ ಚರ್ಚಿಗೆ ಹೋಗತೊಡಗಿದಳು. ಅವಳಿಗೆ ಅಲ್ಲಿಯ ಹಾಡು ಹಿಡಿಸಿತ್ತು, ಕತೆಗಳು ಹಿಡಿಸಿದ್ದವು, ಯೇಸು ಕುಷ್ಠದವರನ್ನು ಮುಟ್ಟಿದ್ದು ಬಹಳ ಹಿಡಿಸಿತ್ತು. ಆ ವರ್ಷ ದೀಕ್ಷಾಸ್ನಾನ ತೆಗೆದುಕೊಳ್ಳಲು ಒಪ್ಪಿಯೂ ಇದ್ದಳು. ಅಪ್ಪನ ಮುಖ ಆಗ ಎಷ್ಟು ಬೆಳಗಿತ್ತೆಂದರೆ, ಅವನು ಅವ್ವನಿಗೆ ಚಹಾ ಮಾಡಿಕೊಟ್ಟದ್ದನ್ನು ನಾನು ಕಂಡದ್ದು ಆ ವಾರ ಮಾತ್ರ.

ಅಷ್ಟರಲ್ಲಿ ಚರ್ಚಿನಲ್ಲಿ ಮೂರು ದಿನದ ಕೂಟ ನಡೆಯಿತು. ಹೊರಊರಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಬಿಳಿ ಪ್ಯಾಂಟು, ದೊಡ್ಡ ದನಿ. ಕರ್ತನ ಹೆಸರನ್ನು ಒಪ್ಪದೆ ಸತ್ತವರೆಲ್ಲ ಈ ಹೊತ್ತಿಗೆ ಬೆಂಕಿಯಲ್ಲಿದ್ದಾರೆ ಎಂದು ಅವರು ಕೈಯೆತ್ತಿ ಹೇಳಿದಾಗ ಹೆಂಗಸರ ಸಾಲಿನಲ್ಲಿ ಆಯಿ ಎದ್ದು ನಿಂತಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, "ನಮ್ಮ ಮನಿಯವ್ರೂ ಏನ್ರಿ?" ಎಂದು ಕೇಳಿದಳು. ಕೆಲವರು ನಕ್ಕರು. ಪ್ರಸಂಗಿ ನಗಲಿಲ್ಲ. "ಯಾರೇ ಆಗಲಿ ಅಜ್ಜಿ, ಯಾರೇ ಆಗಲಿ," ಎಂದರು. ಆಯಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ನಾನು ಹಿಂದೆ ಓಡಿದೆ. ಅವಳು ಅಳುತ್ತಿರಲಿಲ್ಲ. ಬಸ್ಸು ತಪ್ಪಿದವರು ನಿಲ್ಲುವ ಹಾಗೆ ರಸ್ತೆಯ ಕಡೆ ನೋಡುತ್ತ ನಿಂತಿದ್ದಳು.

ಆಮೇಲೆ ಪ್ರತಿ ರವಿವಾರ ಅವಳು ನಮ್ಮ ಜೊತೆಗೇ ಬರುತ್ತಿದ್ದಳು, ಒಳಗೆ ಮಾತ್ರ ಬರುತ್ತಿರಲಿಲ್ಲ. ಬಾಗಿಲ ಮುಂದೆ ಚಪ್ಪಲಿ ಬಿಡುವ ಪಾವಟಿಗೆಯ ಮೇಲೆ ಕೂತು ಒಳಗಿನ ಹಾಡು ಕೇಳುತ್ತಿದ್ದಳು. ದೀಕ್ಷಾಸ್ನಾನದ ಮಾತೆತ್ತಿದರೆ, "ಅವರಿಲ್ಲದ ಊರಿಗೆ ನಾ ಒಬ್ಬಾಕಿನ ಹೋಗಿ ಏನ ಮಾಡ್ಲಿ?" ಅನ್ನುತ್ತಿದ್ದಳು. ಅಪ್ಪ ಸಿಟ್ಟು ಮಾಡಿದ, ಬೇಡಿಕೊಂಡ, ಎರಡು ದಿನ ಊಟ ಬಿಟ್ಟ. "ನಾ ಮ್ಯಾಲ ಹ್ವಾದಮ್ಯಾಲ ನಮ್ಮವ್ವ ಎಲ್ಲಿ ಅಂತ ಯಾರನ್ನ ಕೇಳ್ಲಿ?" ಎಂದು ಒಂದು ಸಂಜೆ ನನ್ನ ಅವ್ವನ ಮುಂದೆ ಅತ್ತ. ತನ್ನ ಅಪ್ಪ ಎಲ್ಲಿ ಎಂದು ಅವನು ಕೇಳುತ್ತಲೇ ಇರಲಿಲ್ಲ. ಆ ಮಾತು ಬಂದಾಗೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಇದನ್ನು ನಾನು ಗಮನಿಸಿದ್ದೆ, ಆದರೆ ಅದರ ಅರ್ಥ ಆಗ ನನಗೆ ಹೊಳೆದಿರಲಿಲ್ಲ.

ನನಗೆ ಆಯಿ ಬೇಕಿದ್ದಳು, ಇಲ್ಲಿಯೂ ಅಲ್ಲಿಯೂ. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ದೇವಶಾಸ್ತ್ರ ಇರಲಿಲ್ಲ. ಒಂದು ಮಧ್ಯಾಹ್ನ ಅವ್ವ, ಹಲೀಮಾಬಿ ಇಬ್ಬರೂ ಕಟ್ಟಿದ ಬೀಡಿ ಒಪ್ಪಿಸಲು ಕಾರಖಾನೆಗೆ ಹೋಗಿದ್ದಾಗ ಆಯಿ ಕೇಳಿದಳು: "ರೂತಿ, ಯೇಸುನ ಸುದ್ದೀನ ಕೇಳದ ಸತ್ತವರ ಬಗ್ಗೆ ಎಲ್ಲ್ಯಾರ ಬರದಾರೇನ ನೋಡ." ನಾನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದೆ. ಎಲ್ಲೆಲ್ಲೋ ವಂಶಾವಳಿ, ಎಲ್ಲೆಲ್ಲೋ ಯುದ್ಧ. ಆಯಿಯ ಕೈ ಬೀಡಿ ಕಟ್ಟುವುದನ್ನು ಬಿಟ್ಟು ಕಾಯುತ್ತಿತ್ತು. ಕೊನೆಗೆ ಕಡೆಯ ಹಾಳೆಗಳಲ್ಲೊಂದರ ಮೇಲೆ ಬೆರಳಿಟ್ಟು ನಾನೇ ಒಂದು ವಚನ ಓದಿಬಿಟ್ಟೆ: "ಕೇಳದೆ ಸತ್ತವರನ್ನೂ ಕರ್ತನು ಕೈಹಿಡಿದು ಕರೆತರುವನು, ಅವರು ತಮ್ಮ ಹೆಂಡಿರು ಮಕ್ಕಳ ಸಂಗಡ ಸುಖವಾಗಿರುವರು." ನನ್ನ ಕಿವಿಗೇ ಅದು ಬಹಳ ಚೆನ್ನಾಗಿ ಕೇಳಿಸಿತು.

ಆಯಿ ಕಣ್ಣು ಮುಚ್ಚಿದಳು. "ಇನ್ನೊಮ್ಮೆ ಓದವಾ," ಎಂದಳು. ಓದಿದೆ. ಅವಳು ಕಣ್ಣು ತೆರೆದಳು. "ಈ ಸಲ ಹೆಂಡಿರು ಎಲ್ಲಿ ಹ್ವಾದ್ರು?"

ಎರಡನೇ ಸಲ ನಾನು ಹೆಂಡಿರನ್ನು ಮರೆತಿದ್ದೆ. ಅಕ್ಷರ ಬರದವರ ನೆನಪು ಎಷ್ಟು ಚೊಕ್ಕ ಇರುತ್ತದೆಂದು ಓದು ಬಲ್ಲವರಿಗೆ ಗೊತ್ತಿರುವುದಿಲ್ಲ. ಅವರಿಗೆ ಒಮ್ಮೆ ಕೇಳಿದ್ದೇ ಬರೆದಿಟ್ಟದ್ದು. ನಾನು ತಲೆ ತಗ್ಗಿಸಿದೆ. ಆಯಿ ಬಯ್ಯಲಿಲ್ಲ. "ಖರೇ ವಚನ ಓದುವಾಗ ನೀ ಎತ್ತು ಎಡವಿದಂಗ ಎಡವತಿ. ಇದನ್ನ ನೀರ ಕುಡದಂಗ ಓದಿದಿ," ಎಂದಳು. ಆಮೇಲೆ ನನ್ನ ಗದ್ದ ಹಿಡಿದೆತ್ತಿ, "ನೀ ಮಾಡಿದ್ದು ಅವರು ಬರದಿದ್ದಕ್ಕಿಂತ ಚೊಲೋ ಐತಿ, ಸುಳ್ಳ್ಯಾಕ ಹೇಳ್ಲಿ. ಆದರ ನನಗ ನಿಂದು ಬ್ಯಾಡ. ಅಲ್ಲಿ ಇದ್ದದ್ದು ಬೇಕು. ಆ ಮ್ಯಾಳಗಿ ಕಿತ್ತಿದ್ದು ಓದ."

ಮ್ಯಾಳಗಿ ಕಿತ್ತಿದ್ದು ಅವಳಿಗೆ ಬಹಳ ಸೇರುತ್ತಿದ್ದ ಕತೆ. ಕೈಕಾಲು ಬಿದ್ದ ಒಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಯೇಸು ಇರುವ ಮನೆಯ ಬಾಗಿಲಲ್ಲಿ ಜನರ ಗದ್ದಲ. ಆಗ ಮಾಳಿಗೆ ಹತ್ತಿ, ಅದನ್ನು ಕಿತ್ತು, ಹಾಸಿಗೆಯನ್ನು ಹಗ್ಗದಿಂದ ಇಳಿಸುತ್ತಾರೆ. ಮೊದಲ ಸಲ ಓದಿದಾಗ ಆ ಮನೆಯ ಮಾಲಕ ಏನಂದ, ಮಾಳಿಗೆಯನ್ನು ಯಾರು ಮತ್ತೆ ಮೆತ್ತಿಕೊಟ್ಟರು ಎಂದು ಮೂವರು ಹೆಂಗಸರೂ ಅರ್ಧ ತಾಸು ವಾದ ಮಾಡಿದ್ದರು. ಈ ಸಲ ಆಯಿ ಸುಮ್ಮನೆ ಕೇಳಿದಳು. ಹೊತ್ತು ತಂದವರ ನಂಬಿಕೆಯನ್ನು ಕಂಡು ಯೇಸು ರೋಗಿಯೊಡನೆ ಮಾತಾಡಿದನೆಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

"ಮಲಗಿದವ ಏನಾರ ಅಂದ್ನೇನ ಅಲ್ಲಿಮಟ?"

"ಇಲ್ಲ ಆಯಿ. ಅವ ಒಂದು ಮಾತೂ ಆಡಿಲ್ಲ."

"ನಿಮ್ಮಪ್ಪನೂ ಆಡಿರಲಿಲ್ಲ," ಎಂದಳು ಆಯಿ. "ಮಾತ ನಿಂತಿತ್ತು."

ಆ ವಾರವೇ ನಮ್ಮ ಸಭಾಪಾಲಕರು ಮನೆಗೆ ಬಂದರು. ಎಲ್ಲರೂ ಅವರನ್ನು ಪಾಸ್ಟರ್ ಸಾಹೇಬ್ರು ಅನ್ನುತ್ತಿದ್ದರು. ಅಥಣಿ ಕಡೆಯವರು, ತೆಳ್ಳಗೆ, ಎತ್ತರಕ್ಕೆ, ಸೈಕಲ್ಲಿನ ಮೇಲೆ ಕೂತರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿತ್ತು. ಅಪ್ಪನೇ ಕರೆಸಿದ್ದ. ದೀಕ್ಷಾಸ್ನಾನಕ್ಕೆ ಮೊದಲು ಪಾಸ್ಟರು ಮನೆಗೆ ಬಂದು ನಾಲ್ಕು ಪ್ರಶ್ನೆ ಕೇಳುವುದು ನಮ್ಮಲ್ಲಿ ರೂಢಿ. ಅವರು ಬಂದು ಕೇಳಿದರೆ ಆಯಿ ಹೂಂ ಅಂದಾಳೆಂಬ ಆಸೆ ಅವನಿಗೆ. ಅವ್ವ ಚಹಾ ಕೊಟ್ಟಳು. ಹಲೀಮಾಬಿ ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಪಾಸ್ಟರು ಬಶಿಗೆ ಚಹಾ ಸುರುವಿಕೊಂಡು, "ರುಕ್ಮವ್ವಾರ, ಒಳಗ ಯಾಕ ಬರವಲ್ರಿ? ಪಾವಟಿಗಿ ಮ್ಯಾಲ ಬಿಸಿಲು ಬಡೀತೇತಿ," ಎಂದರು.

"ಬಿಸಿಲಿಂದು ಬಿಡ್ರಿ. ನಾ ಒಂದು ಕೇಳ್ತೀನ್ರಿ. ಆ ಮ್ಯಾಳಗಿ ಹತ್ತಿದ ನಾಕು ಮಂದಿ ದೀಕ್ಷಾಸ್ನಾನ ತಗೊಂಡಿದ್ರೇನ್ರಿ?"

ಪಾಸ್ಟರು ಬಶಿ ಕೆಳಗಿಟ್ಟರು. "ಇಲ್ರಿ. ಅವಾಗಿನ್ನೂ ಅದೆಲ್ಲ ಇರಲಿಲ್ರಿ."

"ಯೇಸುನ ಹೆಸರ ತಗೊಂಡ್ರೇನ್ರಿ ಬಾಯಾಗ?"

"ಬರದಿಲ್ರಿ."

"ಮತ್ತ ಅವರ ನಂಬಿಕಿ ಅಂವಗ ಎಲ್ಲಿ ಕಾಣಿಸ್ತ್ರಿ?"

ಆಯಿಯೇ ಹೇಳಿದಳು: "ಹೊತ್ತಿದ್ರಲ್ಲ, ಅಲ್ಲಿ ಕಾಣಿಸ್ತು. ನನ್ನ ಗಂಡನೂ ಹೊತ್ತಾನ್ರಿ. ನಾಕು ಮಂದಿ ಹೊರೂದನ್ನ ಒಬ್ಬನ ಹೊತ್ತಾನ. ಮಾಲಿ ಕೊಳ್ಳಾಗ ಇಟಗೊಂಡು, ನಿಮ್ಮ ದೇವರ ಬಾಗಲಕ್ಕ ತಂದು ಇಳಿಸ್ಯಾನ. ಅಲ್ಲಿ ನಿಂತಾನ ನೋಡ್ರಿ, ಆ ಹಾಸಿಗಿ ಮ್ಯಾಲಿನ ಹುಡುಗ."

ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಈ ಸಲ ಹೊರಗೆ ಹೋಗಲು ದಾರಿ ಇರಲಿಲ್ಲ; ಹೊಸ್ತಿಲಲ್ಲಿ ಅವನ ತಾಯಿ ಕೂತಿದ್ದಳು. ಅವನು ಗೋಡೆಗೆ ಮುಖ ಮಾಡಿದ. ಹೆಗಲು ಅಲುಗುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. "ಅಪ್ಪನ ಬೆನ್ನು ಕಾಯ್ದಿತ್ತವಾ," ಎಂದ. "ನನ್ನ ಜ್ವರಕ್ಕಿಂತ ಕಾಯ್ದಿತ್ತು." ಆಗ ಹಲೀಮಾಬಿ, "ಪಾಸ್ಟರ್ ಸಾಬ್, ಚಹಾ ಆರಾಕತ್ತೇತ್ರಿ," ಎಂದಳು.

ಪಾಸ್ಟರು ಚಹಾ ಮುಟ್ಟಲಿಲ್ಲ. "ರುಕ್ಮವ್ವಾರ, ನಿಮ್ಮ ಯಜಮಾನ್ರು ಎಲ್ಲಿದಾರ ಅನ್ನೂದು ನನಗ ಗೊತ್ತಿಲ್ರಿ," ಎಂದರು.

"ಆ ಪ್ರಸಂಗಿ ಸಾಹೇಬ್ರಿಗೆ ಗೊತ್ತಿತ್ತಲ್ರಿ?"

"ಅವರಿಗೂ ಗೊತ್ತಿರಲಿಲ್ರಿ. ಅದನ್ನ ಅವತ್ತ ಹೇಳಾಕ ನನಗ ಧೈರ್ಯ ಆಗಲಿಲ್ಲ."

ಆಗ ಆಯಿ ಹೇಳಿದ ಮಾತು ನನಗೆ ಇಂದಿಗೂ ಅಕ್ಷರ ಬಿಡದೆ ನೆನಪಿದೆ. "ಹಂಗಾರ ಅದನ್ನ ಒಳಗ ನಿಂತು ಹೇಳ್ರಿ. ಮಂದಿ ಮುಂದ ಅವರನ್ನ ಬೆಂಕ್ಯಾಗ ಹಾಕೀರಿ, ಮಂದಿ ಮುಂದ ಹೊರಗ ತಗೀರಿ. ಸ್ವರ್ಗಕ್ಕ ಕಳಸ್ರಿ ಅನ್ನಾಂಗಿಲ್ಲ ನಾ. ಗೊತ್ತಿಲ್ಲ ಅನ್ರಿ, ಸಾಕು. ಅಂದ ದಿನ ನಾ ಒಳಗ ಬರ್ತೀನಿ."

ಹೇಳುವುದಕ್ಕೆ ಸಣ್ಣ ಮಾತು. ಆದರೆ ವೇದಿಕೆಯ ಮೇಲೆ ನಿಂತವನ ಬಾಯಲ್ಲಿ ಆ ಮಾತು ಎಷ್ಟು ಭಾರವೆಂದು ನನಗೆ ಆಮೇಲೆ, ನಾನೇ ಮಾಸ್ತರಿಕೆಗೆ ಸೇರಿ ಮಕ್ಕಳ ಮುಂದೆ ನಿಂತಾಗ ತಿಳಿಯಿತು. ಮುಂದಿನ ರವಿವಾರ ಪಾಸ್ಟರು ಹೇಳಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಆಯಿ ಪಾವಟಿಗೆಯ ಮೇಲೆ ಕೂತೇ ಇದ್ದಳು. ಬಾಗಿಲು ತೆರೆದಿರುತ್ತಿದ್ದುದರಿಂದ ಪ್ರಸಂಗ ಮಾಡುವಾಗ ಅವರಿಗೆ ಅವಳ ಬೆನ್ನು ಕಾಣುತ್ತಿದ್ದಿರಬೇಕು. ಮೂರನೇ ವಾರ ಅವರು ಆ ಮಾಳಿಗೆಯ ಕತೆಯನ್ನೇ ಓದಿದರು. ಓದಿ, ಪುಸ್ತಕ ಮುಚ್ಚಿ, ಕನ್ನಡಕ ತೆಗೆದರು. "ಹೋದ ಕೂಟದಾಗ ಈ ಸಭೆಯ ಒಬ್ಬ ತಾಯಿ ಒಂದು ಪ್ರಶ್ನೆ ಕೇಳಿದ್ರು. ಅವತ್ತ ಅವರಿಗೆ ಕೊಟ್ಟಂಥ ಉತ್ತರ ಕೊಡೂದು ನಮ್ಮ ಕೈಯಾಗಿಲ್ಲ. ಅವರ ಯಜಮಾನ್ರು ಎಲ್ಲಿದ್ದಾರ, ನನಗ ಗೊತ್ತಿಲ್ಲ. ಬೆಂಕ್ಯಾಗ ಇದ್ದಾರಂತ ನಾ ಹೇಳಾಂಗಿಲ್ಲ. ತನ್ನ ಮಗನ್ನ ಹೊತ್ತು ತಂದವನ್ನ ದೇವರು ಹೆಂಗ ನೋಡ್ತಾನ, ಅದು ದೇವರಿಗೆ ಬಿಟ್ಟದ್ದು," ಎಂದರು. ಗುಜುಗುಜು ಎದ್ದಿತು. ಒಬ್ಬ ಹಿರಿಯರು ಕೊಡೆ ಎತ್ತಿಕೊಂಡು ಹೊರಟೇ ಹೋದರು. ಅವರು ದಾಟಿ ಹೋಗಲೆಂದು ಆಯಿ ಪಾವಟಿಗೆಯ ಮೇಲೆ ಸರಿದು ದಾರಿ ಬಿಟ್ಟಳು. ಆಮೇಲೆ ಎದ್ದು, ಸೀರೆಯ ಧೂಳು ಕೊಡವಿ, ಒಳಗೆ ಬಂದು ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ದೀಕ್ಷಾಸ್ನಾನ ಒಂದು ತಿಂಗಳಿಗೆ ಆಯಿತು. ಹಿತ್ತಾಳೆಯ ಬಟ್ಟಲಲ್ಲಿ ನೀರು, ಹೊಸ ಬಿಳಿ ಸೀರೆ. ನಮ್ಮಲ್ಲಿ ಆ ಹೊತ್ತಿಗೆ ಹಳೆಯ ಹೆಸರು ಬಿಟ್ಟು ಸತ್ಯವೇದದ ಹೆಸರೊಂದನ್ನು ಇಟ್ಟುಕೊಳ್ಳುವುದಿತ್ತು. ಅಪ್ಪ ಆಯಿಗಾಗಿ ಸಾರಾ ಎಂಬ ಹೆಸರನ್ನು ಆರಿಸಿ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಪಾಸ್ಟರು ಕೈ ನೀರಿಗೆ ಅದ್ದಿ, "ಸಾರಾ," ಎಂದು ತೊಡಗುವಷ್ಟರಲ್ಲಿ ಆಯಿ ತಲೆಯೆತ್ತಿದಳು. "ಹೆಸರ ಅದ ಇರ್ಲಿ ಬಿಡ್ರಿ. ರುಕ್ಮವ್ವನ ಅನ್ರಿ." ಅಪ್ಪ ಹಿಂದಿನಿಂದ, "ಅವ್ವಾ, ಚೊಲೋ ಹೆಸರ ಐತಿ, ಸುಮ್ಮಿರ," ಎಂದು ಪಿಸುಗುಟ್ಟಿದ. ಆಯಿ ಅವನಿಗೆ ಕೇಳುವಷ್ಟೇ, ಅಂದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಹೆಸರ ಬದಲಿ ಮಾಡಿಕೊಂಡ್ರ, ನಾಳೆ ಅಲ್ಲಿ ಅವರು ಕರದ್ರ ನನ್ನ ಕರದಾರಂತ ನನಗ ಹೆಂಗ ತಿಳೀಬೇಕು?" ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸರು ಆ ಓಣಿಯಲ್ಲಿ ಇರಲಿಲ್ಲ. ಅಜ್ಜ ಮಾತ್ರ ವಖಾರಿಯ ಗೇಟಿನಿಂದಲೇ "ರುಕ್ಮವ್ವಾ, ನೀರ ಕಾಸ!" ಎಂದು ಕೂಗುತ್ತಿದ್ದನಂತೆ, ಆ ಕೂಗಿಗೆ ಓಣಿಯ ಹೆಂಗಸರೆಲ್ಲ ಆಡಿಕೊಂಡು ನಗುತ್ತಿದ್ದರಂತೆ. ಪಾಸ್ಟರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ರುಕ್ಮವ್ವ ಎಂಬ ಹೆಸರಿನಲ್ಲೇ ನೀರು ಹಾಕಿದರು.

ಎರಡು ವರ್ಷಕ್ಕೆ ಆಯಿ ಹೋದಳು. ಪಾಸ್ಟರಿಗೆ ಅದಕ್ಕೂ ಮೊದಲೇ ರಾಯಬಾಗ ಕಡೆಗೆ ವರ್ಗವಾಗಿತ್ತು. ಆ ರವಿವಾರದ ಮಾತಿಗೂ ವರ್ಗಕ್ಕೂ ಸಂಬಂಧವಿತ್ತೋ ಇಲ್ಲವೋ ಹೇಳಲಾರೆ. ಆಯಿಯ ಮಣ್ಣಿಗೆ ಅವರು ಅಷ್ಟು ದೂರ ಸೈಕಲ್ ಹೊಡೆದುಕೊಂಡು ಬರಲಾಗದೆ ಬಸ್ಸಿಗೆ ಬಂದಿದ್ದರು. ನಾನು ಹತ್ತನೆಯದು ಮುಗಿಸಿದೆ, ಬೀಡಿ ಕಟ್ಟುತ್ತಲೇ ಕಾಲೇಜು ಮುಗಿಸಿದೆ, ಚಿಕ್ಕೋಡಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಪಡಸಾಲೆಯ ಮನೆ ಬಿದ್ದು ಅಲ್ಲಿ ಅಂಗಡಿಗಳು ಎದ್ದವು. ಹಲೀಮಾಬಿ ಮಗಳ ಮನೆಗೆ ಹೋದವಳು ಅಲ್ಲಿಯೇ ತೀರಿಕೊಂಡಳು. ಅವ್ವ ಹೋದಳು, ಈಗ ಅಪ್ಪನೂ ಹೋದ. ಕೊನೆಯ ದಿನಗಳಲ್ಲಿ ಅವನ ಅಂಚು ಎಷ್ಟು ಸವೆದಿತ್ತೆಂದರೆ, ಪ್ರಾರ್ಥನೆ ಮಾಡುವಾಗ ತನ್ನ ಅಪ್ಪನ ಹೆಸರನ್ನೂ ತಾನೇ ತಾನಾಗಿ ಸೇರಿಸುತ್ತಿದ್ದ. ಅದು ಸರಿಯೋ ತಪ್ಪೋ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಾಯಿನನ ಬೆಳೆ ಯಾಕೆ ಬೇಡವಾಯಿತೆಂದು ನನಗೆ ಇನ್ನೂ ಗೊತ್ತಿಲ್ಲ. ಎಷ್ಟೋ ಪುಸ್ತಕ ಓದಿದ್ದೇನೆ; ಕಾರಣ ಕೊಡುವವರು ಬಹಳ ಮಂದಿ ಇದ್ದಾರೆ. ಗೊತ್ತಿಲ್ಲವೆಂದು ಎದ್ದು ನಿಂತು ಹೇಳಿದ ಒಬ್ಬರನ್ನು ಮಾತ್ರ ನಾನು ನಂಬುತ್ತ ಬಂದಿದ್ದೇನೆ.

ಆಯಿಯನ್ನು ನಮ್ಮ ಚರ್ಚಿನ ಭೂಮಿಯಲ್ಲಿ ಮಣ್ಣು ಮಾಡಿದೆವು. ಅಜ್ಜನ ಮಣ್ಣು ಊರಿನ ಹಳ್ಳದ ದಂಡೆಯಲ್ಲಿದೆ. ನಡುವೆ ಹೆದ್ದಾರಿ. ಆಗ ಎತ್ತಿನ ಗಾಡಿಗಳೂ ಹೋಗುತ್ತಿದ್ದ ಆ ರಸ್ತೆ ಈಗ ಅಗಲವಾಗಿ, ಹಗಲೂ ರಾತ್ರಿ ಲಾರಿಗಳ ಸದ್ದು. ವರ್ಷಕ್ಕೊಮ್ಮೆ ಎರಡೂ ಕಡೆ ಹೋಗಿ ಬರುತ್ತೇನೆ. ಆಚೆಯಿಂದ ಒಬ್ಬರು ಕೂಗಿದರೆ ಈಚೆಯವರಿಗೆ ಕೇಳಿಸುವುದೇ ಎಂದು ರಸ್ತೆ ದಾಟಲು ಕಾಯುತ್ತ ನಿಂತಾಗ ಒಮ್ಮೊಮ್ಮೆ ಅನುಮಾನ ಬರುತ್ತದೆ. ಆದರೆ ಅಜ್ಜ ವಖಾರಿಯ ಹಮಾಲ. ಅವನ ದನಿ ಬಹಳ ದೊಡ್ಡದಿತ್ತಂತೆ.